ಉತ್ತರ ಪತ್ರಿಕೆಯಲ್ಲಿ ಸೊಪ್ಪು, ತಾಟಿನಲ್ಲಿ ಗೋಬಿ

ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಊರಿದೆ. ಹಾವೇರಿ ತಾಲ್ಲೂಕಿನ ಈ ಊರನ್ನು ಹೊರಗಿನವರು ಎರಡು ಕಾರಣಕ್ಕೆ ಬಲ್ಲರು. ಒಂದು, ಹೊಳೆಯ ದಂಡೆಯ ಗಳಗೇಶ್ವರ ದೇವಾಲಯ. ಇನ್ನೊಂದು, ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು. ತಾವು ಬರೆದ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಮಾಸ್ತರರು ಅವರು. ನನಗೆ ಮೂರನೆಯ ಕಾರಣವೊಂದಿದೆ. ಅಲ್ಲಿಂದ ಹಾವೇರಿಗೆ ಬರುವ ಬೆಳಗಿನ ಬಸ್ಸು, ಆ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಒಬ್ಬ ಹುಡುಗಿ.

ಹುಡುಗಿ ಪಿಯುಸಿ ಎರಡನೆಯ ವರ್ಷ, ವಿಜ್ಞಾನ. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಒಂದು ದಿನ ಕಾಲೇಜಿನ ಪ್ರಯೋಗಾಲಯದಲ್ಲಿ ನಿಂತಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8.2. ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಸುದ್ದಿ ತಿಳಿದು ನಾನೂ ಹೋಗಿದ್ದೆ. ವೈದ್ಯರು ಕೇಳಿದರು: "ಕಬ್ಬಿಣಾಂಶ ಯಾವುದರಾಗ ಇರತೈತಿ, ಗೊತ್ತೇನವ್ವಾ?" ಹಾಸಿಗೆಯ ಮೇಲಿನಿಂದಲೇ ಹುಡುಗಿ ಒಪ್ಪಿಸಿದಳು. ಹಸಿರು ಸೊಪ್ಪು, ಬೆಲ್ಲ, ಖರ್ಜೂರ, ಮೊಳಕೆ ಕಾಳು, ಮೊಟ್ಟೆ, ಯಕೃತ್ತು. ಒಂದೂ ತಪ್ಪಿಲ್ಲ. ಆ ಪಟ್ಟಿಯನ್ನು ಬಾಯಿಪಾಠ ಮಾಡಿಸಿದವನು ನಾನೇ. ಅದಕ್ಕೆ ಐದಕ್ಕೆ ಐದು ಅಂಕ ಕೊಟ್ಟವನೂ ನಾನೇ.

"ಮತ್ತ ನೀ ಏನ್ ತಿಂತಿ?"

ಇದಕ್ಕೆ ಉತ್ತರ ಬರಲಿಲ್ಲ. ತಾಯಿ ನಡುವೆ ಬಾಯಿ ಹಾಕಿದರು: "ದಿನಾ ಡಬ್ಬಿ ಕಟ್ಟಿ ಕೊಡತೀನ್ರಿ ಸಾಹೇಬ್ರ. ಎರಡು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಡಬ್ಬಿ ಖಾಲಿ ಆಗೇ ಬರತೈತ್ರಿ."

ಡಬ್ಬಿ ಖಾಲಿಯಾಗಿ ಬರುತ್ತಿದ್ದುದು ನಿಜ. ರೊಟ್ಟಿ ಹೋಗುತ್ತಿದ್ದುದು ಬಸ್ ನಿಲ್ದಾಣದ ದನಗಳ ಬಾಯಿಗೆ. ಇದನ್ನು ಆಕೆ ತಾಯಿಗೆ ಹೇಳಿದ್ದು ನಾಲ್ಕು ದಿನಗಳ ನಂತರ. ಮಧ್ಯಾಹ್ನ ಗಾಡಿಯ ಮುಂದೆ ನಿಂತು ಗೆಳತಿಯೊಂದಿಗೆ ಒಂದು ಪ್ಲೇಟ್ ಗೋಬಿ ಮಂಚೂರಿ ಹಂಚಿಕೊಳ್ಳುತ್ತಿದ್ದಳು, ಮೇಲೆ ಅರ್ಧ ಕಪ್ ಚಹಾ. ಯಾಕವ್ವಾ ಹೀಗೆ ಮಾಡಿದಿ ಎಂದರೆ, "ರೊಟ್ಟಿ ಡಬ್ಬಿ ತೆಗದ್ರ ನಗತಾರ್ರಿ ಸರ" ಎಂದಳು.

ಗೊತ್ತಿದ್ದರೆ ಸಾಕೆ?

ಮಾಸ್ತರನಾಗಿ ನನ್ನ ನಂಬಿಕೆಗೆ ಪೆಟ್ಟು ಬಿದ್ದದ್ದು ಇಲ್ಲಿ. ಜನ ತಪ್ಪು ತಿನ್ನುವುದು ಗೊತ್ತಿಲ್ಲದ್ದರಿಂದ, ತಿಳಿಸಿ ಹೇಳಿದರೆ ಸರಿಯಾಗಿ ತಿನ್ನುತ್ತಾರೆ ಎಂದು ನಾವೆಲ್ಲ ತಿಳಿದಿದ್ದೇವೆ. ಪಠ್ಯಪುಸ್ತಕ ನಿಂತಿರುವುದೇ ಈ ನಂಬಿಕೆಯ ಮೇಲೆ. ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ 7ರವರೆಗೆ ನಡೆಯುವ ರಾಷ್ಟ್ರೀಯ ಪೌಷ್ಟಿಕ ಆಹಾರ ಸಪ್ತಾಹವೂ ಅದರ ಮೇಲೆಯೇ ನಿಂತಿದೆ. ತರಕಾರಿಯ ರಂಗೋಲಿ, ಪ್ರಬಂಧ ಸ್ಪರ್ಧೆ, ಬಹುಮಾನ ವಿತರಣೆ ಎಲ್ಲ ಆಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಅತಿಥಿಗಳಿಗೆ ಬಿಸ್ಕತ್ತು ಮತ್ತು ಚಹಾ. (ಇದನ್ನು ವರ್ಷಗಟ್ಟಲೆ ತಿಂದು ಕುಡಿದವನು ನಾನು, ಆದ್ದರಿಂದ ಹೇಳುವ ಹಕ್ಕಿದೆ.)

ಈ ವಿಷಯದಲ್ಲಿ ವಿದ್ವಾಂಸರಲ್ಲಿಯೂ ಒಂದೇ ಮಾತಿಲ್ಲ. ಇಂಗ್ಲೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪ್ರಶ್ನಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಆಹಾರದ ಬಗ್ಗೆ ಅತಿ ಹೆಚ್ಚು ತಿಳಿದವರನ್ನು ಅತಿ ಕಡಿಮೆ ತಿಳಿದವರೊಂದಿಗೆ ಹೋಲಿಸಿದರೆ, ಹಣ್ಣು, ತರಕಾರಿ, ಕೊಬ್ಬಿನ ವಿಷಯದಲ್ಲಿ ಶಿಫಾರಸಿನಂತೆ ಉಣ್ಣುವ ಸಾಧ್ಯತೆ ಸುಮಾರು 25 ಪಟ್ಟು ಹೆಚ್ಚು ಎಂದು ಅದು ಹೇಳಿತು. ಮಾಸ್ತರರಿಗೆ ಸಂತೋಷದ ಸುದ್ದಿಯೇ. ಆದರೆ 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇಂಥ 29 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೂರರಲ್ಲಿ ಎರಡು ಪಾಲಿನಷ್ಟು ಅಧ್ಯಯನಗಳಲ್ಲಿ ತಿಳಿವಳಿಕೆಗೂ ಊಟಕ್ಕೂ ಸಂಬಂಧ ಕಂಡಿತು. ಕಂಡದ್ದು ಮಾತ್ರ ದುರ್ಬಲ ಸಂಬಂಧ. ಇನ್ನೊಂದು ತೊಡಕೂ ಇದೆ. ಏನು ತಿಂದಿರಿ ಎಂದು ಕೇಳಿದಾಗ, ಯಾವುದು ಒಳ್ಳೆಯದೆಂದು ಬಲ್ಲವನು ಒಳ್ಳೆಯದನ್ನೇ ತಿಂದೆನೆಂದು ಬರೆಸುವ ಸಂಭವ ಹೆಚ್ಚು. ನನ್ನ ವಿದ್ಯಾರ್ಥಿನಿಗೂ ಅಂಥ ಪ್ರಶ್ನಾವಳಿ ಕೊಟ್ಟಿದ್ದರೆ ರೊಟ್ಟಿ, ಪಲ್ಯ ಎಂದೇ ಬರೆಯುತ್ತಿದ್ದಳು.

ಹಾಗಾದರೆ ತಿಳಿವಳಿಕೆ ವ್ಯರ್ಥವೆ? ಅಲ್ಲ. ಆದರೆ ತಲೆಯಿಂದ ತಾಟಿಗೆ ಬರುವ ದಾರಿಯಲ್ಲಿ ಅದನ್ನು ತಡೆಯುವವರು ಬಹಳ. ಮೊದಲನೆಯದು ನಾಲಗೆ. ಎರಡನೆಯದು ಹೊತ್ತು. ಮೂರನೆಯದು ದುಡ್ಡು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಹೊರಡಿಸಿತು. ಅದರ ಪ್ರಕಾರ ಒಬ್ಬ ವಯಸ್ಕರಿಗೆ ದಿನಕ್ಕೆ ಸೊಪ್ಪು, ತರಕಾರಿ ಸೇರಿ 400 ಗ್ರಾಂ ಬೇಕು. ಐದು ಮಂದಿಯ ಮನೆಗೆ ಎರಡು ಕಿಲೋ ಆಯಿತು. ಕಿಲೋಗೆ 40 ರೂಪಾಯಿ ಹಿಡಿದರೂ ದಿನಕ್ಕೆ 80, ತಿಂಗಳಿಗೆ 2,400 ರೂಪಾಯಿ. ಹಾವೇರಿ, ರಾಣೆಬೆನ್ನೂರಿನ ಬಾಡಿಗೆ ಮನೆಯಲ್ಲಿದ್ದು ಮಕ್ಕಳನ್ನು ಓದಿಸುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ತರಕಾರಿ ತಿನ್ನಿ ಎಂದು ಭಾಷಣ ಮಾಡುವವರು ಒಮ್ಮೆ ಸಂತೆಗೆ ಚೀಲ ಹಿಡಿದು ಹೋಗಬೇಕು.

ನಾಲ್ಕನೆಯ ತಡೆ ಎಲ್ಲಕ್ಕಿಂತ ಬಿಗಿಯಾದದ್ದು. ಅದು ನಾಚಿಕೆ. ನಮ್ಮ ಹುಡುಗಿಗೆ ದುಡ್ಡಿನ ಅಡ್ಡಿ ಇರಲಿಲ್ಲ, ಡಬ್ಬಿ ಕೈಯಲ್ಲೇ ಇತ್ತು. ಹೊತ್ತಿನ ಅಡ್ಡಿ ಇರಲಿಲ್ಲ, ತಾಯಿ ಐದಕ್ಕೆ ಎದ್ದು ರೊಟ್ಟಿ ಬಡಿದಿರುತ್ತಿದ್ದರು. ರುಚಿಯ ಅಡ್ಡಿಯೂ ಇರಲಿಲ್ಲ. ರವಿವಾರ ಮನೆಯಲ್ಲಿ ಅದೇ ರೊಟ್ಟಿ, ಪುಂಡಿ ಪಲ್ಯವನ್ನು ಮೂರು ಬಾರಿ ಹಾಕಿಸಿಕೊಂಡು ಉಣ್ಣುತ್ತಿದ್ದಳು. ಅಡ್ಡಿ ಇದ್ದದ್ದು ಪಕ್ಕದ ಬೆಂಚಿನವಳ ಕಣ್ಣು.

ಈ ಕಣ್ಣು ಹುಡುಗಿಯರದಷ್ಟೇ ಅಲ್ಲ. ನಾವು ದೊಡ್ಡವರೂ ಬೀಗರು ಬಂದಾಗ ರೊಟ್ಟಿಯನ್ನು ಹಿಂದೆ ಸರಿಸಿ ಅನ್ನ, ಪೂರಿ ಮುಂದೆ ಮಾಡಿದವರೇ. ಅನ್ನ ಹಬ್ಬದ ಊಟವಾಗಿದ್ದ ಕಾಲವೊಂದಿತ್ತು. 2013ರಲ್ಲಿ ಬಂದ ಅನ್ನಭಾಗ್ಯ ಯೋಜನೆ ಎಷ್ಟೋ ಮನೆಗಳ ಹಸಿವು ಅಡಗಿಸಿತು, ಅದನ್ನು ಹಗುರಾಗಿ ಮಾತಾಡುವುದು ತಪ್ಪು. ಜೊತೆಗೆ ಅಕ್ಕಿ ದಿನದ ಊಟವೂ ಆಯಿತು. ಇತ್ತ ಹೊಲಗಳಲ್ಲಿ ಬಿಳಿಜೋಳ ಹಿಂದೆ ಸರಿದು, ಮುಂಗಾರಿನಲ್ಲಿ ಹಾವೇರಿ ಜಿಲ್ಲೆಯ ಯಾವ ದಾರಿ ಹಿಡಿದರೂ ಗೋವಿನಜೋಳವೇ ಕಾಣುತ್ತದೆ. ಅದು ಬಹುಪಾಲು ಹೋಗುವುದು ಕೋಳಿಗಳ ಮೇವಿಗೆ ಮತ್ತು ಪಿಷ್ಟದ ಕಾರ್ಖಾನೆಗೆ. ನಮ್ಮ ಹೊಲದ ಕಾಳು ನಮ್ಮ ಒಲೆಗೆ ಬರುವುದಿಲ್ಲ.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ ಜೋಳವೂ ಸಜ್ಜೆಯೂ ಬಣ್ಣದ ಪೊಟ್ಟಣದಲ್ಲಿ ಕುಳಿತು ದರ ಏರಿಸಿಕೊಂಡವು. ಅದೇ ಹೊತ್ತಿಗೆ ಗಳಗನಾಥದ ಬಸ್ಸಿನಲ್ಲಿ ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಬಚ್ಚಿಟ್ಟುಕೊಳ್ಳುತ್ತಿತ್ತು.

ಒಂದೇ ಸೋಮವಾರ, ಎರಡು ಸುದ್ದಿ

ಗೋಬಿಯ ವಿಷಯಕ್ಕೆ ಬರೋಣ. 2024ರ ಮಾರ್ಚ್ 11, ಸೋಮವಾರ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ರಾಜ್ಯದಲ್ಲಿ ನಿಷೇಧಿಸಿದ್ದಾಗಿ ಪ್ರಕಟಿಸಿದರು. ಪರೀಕ್ಷೆಗೆಂದು ತಂದ ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಹೆಸರಿನ ಬಣ್ಣಗಳು. ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಎಂಬುದಂತೂ ಬಟ್ಟೆಗೆ ಹಾಕುವ ಬಣ್ಣ, ಅದನ್ನು ಯಾವ ತಿನಿಸಿಗೂ ಹಾಕುವಂತಿಲ್ಲ.

ಅದೇ ಸೋಮವಾರ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಏಕಾಏಕಿ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮರುದಿನದ ಪತ್ರಿಕೆಗಳಲ್ಲಿ ಎರಡೂ ಸುದ್ದಿ ಬೇರೆ ಬೇರೆಯಾಗಿ ಬಂದವು. ನಾನು ಮಾತ್ರ ಅವೆರಡನ್ನೂ ಒಟ್ಟಿಗೇ ಓದಿಕೊಂಡೆ.

ಏಕೆಂದರೆ ಬ್ಯಾಡಗಿ ಮೆಣಸಿನಕಾಯಿ ಎಂದರೆ ಬಣ್ಣ. ಖಾರ ಕಡಿಮೆ, ಕೆಂಪು ಹೆಚ್ಚು, ಮೈಯೆಲ್ಲ ಸುಕ್ಕು. ಕಡ್ಡಿ, ದಬ್ಬಿ ಎಂದು ಅದರಲ್ಲಿ ಎರಡು ಬಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಈ ಕಾಯಿಯಿಂದ ತೆಗೆದ ಬಣ್ಣದ ಸಾರ ಓಲಿಯೋರೆಸಿನ್ ಎಂಬ ಹೆಸರಿನಲ್ಲಿ ದೇಶದಾಚೆಗೂ ಹೋಗುತ್ತದೆ. ಅಲ್ಲಿಯ ಕಾರ್ಖಾನೆಗಳು ತಿನಿಸಿಗೆ, ತುಟಿಯ ಬಣ್ಣಕ್ಕೆ ಅದನ್ನು ಬಳಸುತ್ತವೆ. ಹೀಗೆ ಜಗತ್ತಿಗೆ ನಂಬಿಕೆಯ ಕೆಂಪು ಕೊಡುವ ಊರಿನ ಸುತ್ತಲಿನ ಪೇಟೆಗಳಲ್ಲಿ ಗೋಬಿಯ ಗಾಡಿಯವನು ಸಣ್ಣ ಪೊಟ್ಟಣ ಹರಿದು ಕೃತಕ ಕೆಂಪನ್ನು ಹಿಟ್ಟಿಗೆ ಸುರಿಯುತ್ತಿದ್ದ. ಅವನನ್ನು ಬೈದರೆ ನ್ಯಾಯವಾಗದು. ಒಂದು ಚಿಟಿಕೆ ಪುಡಿಗೆ ಬುಟ್ಟಿಗಟ್ಟಲೆ ಗೋಬಿ ಕೆಂಪಾಗುತ್ತದೆ. ಬ್ಯಾಡಗಿ ಕಾಯಿ ನೆನೆಸಿ ಅರೆದು ಹಾಕಿದರೆ ಆ ದರಕ್ಕೆ ಪ್ಲೇಟ್ ಕೊಡಲಾಗದು. ಹಾಗೆ ಮಾಡಿದರೂ ಅಷ್ಟು ಕಣ್ಣು ಕುಕ್ಕುವ ಕೆಂಪು ಬಾರದು, ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ. ಗಿರಾಕಿ ಎಂದರೆ ನಮ್ಮ ಮಕ್ಕಳು, ಕೃತಕ ಬಣ್ಣದ ದುಷ್ಪರಿಣಾಮ ಕುರಿತು ಟಿಪ್ಪಣಿ ಬರೆದವರು.

ಬಣ್ಣವನ್ನೇನೋ ನಿಷೇಧಿಸಿದರು. ಎಣ್ಣೆ ಉಳಿಯಿತು. ಒಮ್ಮೆ ಕಾಯಿಸಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಬೇಡದ ವಸ್ತುಗಳು ಸೇರುತ್ತ ಹೋಗುತ್ತವೆ. ಅವು 25 ಶೇಕಡಾ ಮೀರಿದ ಎಣ್ಣೆಯನ್ನು ಚೆಲ್ಲಬೇಕೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಾಣಲೆಯ ಎದುರು ನಿಂತು ಅಳೆಯುವವರು ಯಾರು? ಎಣ್ಣೆ ಕಪ್ಪಗಾಗಿ ಜಿಗುಟಾಗಿ ಹೊಗೆ ಬೇಗ ಏಳುತ್ತಿದ್ದರೆ ಅಲ್ಲಿಂದ ಸರಿಯುವುದು ಒಳ್ಳೆಯದು. ಸಂಜೆಯ ತಿಂಡಿಗೆ ಹಟ ಹಿಡಿದ ಮಕ್ಕಳಿಗೆ ನಮ್ಮ ಗಿರ್ಮಿಟ್ಟೇ ಎಷ್ಟೋ ಮೇಲು. ಮಂಡಕ್ಕಿಯಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನಿಲ್ಲ ನಿಜ, ಆದರೆ ಅದಕ್ಕೆ ಬೀಳುವ ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ ಹಿಟ್ಟು, ಕೊತ್ತಂಬರಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಜೊತೆಗಿನ ಮಿರ್ಚಿಯ ವಿಷಯದಲ್ಲಿ ನಾನು ಸುಮ್ಮನಿರುತ್ತೇನೆ, ನನಗೂ ಅದು ಬೇಕು.

ಡಬ್ಬಿಯ ಲೆಕ್ಕ

ಆಸ್ಪತ್ರೆಯಿಂದ ಬಂದ ಮೇಲೆ ನಾನು ಮನೆಯಲ್ಲಿ ಕೂತು ಆ ಡಬ್ಬಿಯ ಲೆಕ್ಕ ಹಾಕಿದೆ. ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8, ನಾರು 3ಕ್ಕಿಂತ ಕಡಿಮೆ, ಕಬ್ಬಿಣ ಒಂದು ಮಿಲಿಗ್ರಾಮೂ ಇಲ್ಲ. ಹದಿನಾರು, ಹದಿನೇಳರ ಹುಡುಗಿಗೆ ದಿನಕ್ಕೆ ಬೇಕಾದ ಕಬ್ಬಿಣ ಸುಮಾರು 30 ಮಿಲಿಗ್ರಾಂ. ರೊಟ್ಟಿಯೊಂದರಿಂದಲೇ ಅದು ತುಂಬುವುದಿಲ್ಲ. ಕಾಳು, ಸೊಪ್ಪು, ಹಿಂಡಿ ಎಲ್ಲ ಸೇರಬೇಕು.

ಅಲ್ಲದೆ ನನ್ನ ಪಾಠದಲ್ಲಿ ನಾನು ಹೇಳದೆ ಬಿಟ್ಟ ಸಂಗತಿ ಒಂದಿತ್ತು. ತಿಂದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಧಾನ್ಯ, ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಹಾದ ಒಗರು ಇನ್ನಷ್ಟು ಹಿಡಿಯುತ್ತದೆ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹಾ, ಕಾಫಿ ಬೇಡ ಎಂದು 2024ರ ಸೂತ್ರಗಳಲ್ಲಿ ಹೇಳಿರುವುದು ಇದಕ್ಕೇ. ಊಟದ ಹಿಂದೆಯೇ ಚಹಾ ಕುಡಿಯುವ ನಮ್ಮ ಕಡೆಯವರಿಗೆ ಇದು ಕಷ್ಟದ ಮಾತು. ಇನ್ನು ಕಬ್ಬಿಣವನ್ನು ಬಿಡಿಸಿ ಕೊಡುವ ವಸ್ತುಗಳೂ ಇವೆ. ನಿಂಬೆಹಣ್ಣಿನ ಹುಳಿ ಅದರಲ್ಲೊಂದು. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟವಾಯಿತು. ಧಾನ್ಯ, ಕಾಳುಗಳ ಜೊತೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೇರಿಸಿದರೆ ಅವುಗಳ ಕಬ್ಬಿಣ ಮತ್ತು ಸತು ದೇಹಕ್ಕೆ ಸಿಗುವಂತೆ ಬಿಡುಗಡೆಯಾಗುವುದು ಹೆಚ್ಚುತ್ತದೆ ಎಂದು ಅವರು ಕಂಡರು. ಇದು ಪ್ರಯೋಗಾಲಯದ ಗಾಜಿನಲ್ಲಿ ನಡೆದ ಪರೀಕ್ಷೆ, ಮನುಷ್ಯರ ಮೇಲೆ ನಡೆದದ್ದಲ್ಲ. ಆದರೂ ರೊಟ್ಟಿಯ ಪಕ್ಕ ಹಸಿ ಉಳ್ಳಾಗಡ್ಡಿ ಗುದ್ದಿ ಇಟ್ಟುಕೊಳ್ಳುವ ನಮ್ಮ ಹೊಲದವರ ಊಟ ನೆನಪಾಯಿತು. ಹೊಲದಲ್ಲಿ ಉಣ್ಣುವವರು ಯಾವ ಪರೀಕ್ಷೆಗೂ ಕೂತವರಲ್ಲ.

ಗೊತ್ತಿಲ್ಲದೆಯೂ ಸರಿಯಾಗಿ ಉಣ್ಣಬಹುದು ಎಂಬುದಕ್ಕೆ ಇನ್ನೂ ಉದಾಹರಣೆಗಳಿವೆ. ಗಳಗಂಡ ರೋಗವನ್ನು ತಡೆಯಲು ಸರ್ಕಾರ 1962ರಲ್ಲಿ ಕಾರ್ಯಕ್ರಮ ಆರಂಭಿಸಿತು. (ಈ ರೋಗದ ಹೆಸರಿಗೂ ಗಳಗನಾಥಕ್ಕೂ ಸಂಬಂಧ ಕಲ್ಪಿಸಬೇಡಿ.) ಪ್ರತಿಯೊಬ್ಬರಿಗೂ ಥೈರಾಯ್ಡ್ ಗ್ರಂಥಿಯ ಪಾಠ ಹೇಳುವ ಬದಲು ಉಪ್ಪಿಗೇ ಅಯೋಡಿನ್ ಬೆರೆಸಿದರು. ಶಾಲೆಯ ಬಿಸಿಯೂಟವೂ ಹೀಗೆಯೇ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕೊಡಲು ಆರಂಭಿಸಿ ನಂತರ ರಾಜ್ಯಕ್ಕೆಲ್ಲ ವಿಸ್ತರಿಸಿದ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಒಂದೇ ಊಟ ಉಂಡಾಗ ನಗುವವರು ಯಾರು? ನಮ್ಮ ಹುಡುಗಿ ಹತ್ತನೆಯ ತರಗತಿಯವರೆಗೆ ಹಾಗೆ ಉಂಡವಳು. ಕಾಲೇಜು ಸೇರಿದ ವರ್ಷ ಆ ಸಾಲು ತಪ್ಪಿತು. ಆರೂವರೆಯ ಬಸ್ಸು, ಸಂಜೆ ಐದಕ್ಕೆ ಮನೆ, ನಡುವೆ ಗಾಡಿಯ ತಿನಿಸು.

ಹೈಸ್ಕೂಲಿನಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯ ಕಥೆಯನ್ನೂ ಪಾಲಕರು ಕೇಳಿಕೊಳ್ಳಬೇಕು. ಒಬ್ಬಳಿಗೆ ಹೊಟ್ಟೆ ತೊಳಸಿದರೆ ಸಾಕು, ಇಡೀ ತರಗತಿಯ ಗುಳಿಗೆಗಳು ಕಿಟಕಿಯ ಹೊರಗೆ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟವಾದ ಮೇಲೆ ನುಂಗು ಎಂದು ಮನೆಯಲ್ಲಿ ಹೇಳಿ ಕಳಿಸಿದರೆ ಬಹಳಷ್ಟು ಸರಿಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡಿತ್ತು. ದೇಶದ ಲೆಕ್ಕ 57. ನಿಮ್ಮ ಮಗಳ ತರಗತಿಯ ಬೆಂಚುಗಳನ್ನು ಈ ಲೆಕ್ಕದಲ್ಲಿ ಒಮ್ಮೆ ಎಣಿಸಿ ನೋಡಿ. ಓದಿದರೆ ತಲೆಗೆ ಹೋಗುವುದಿಲ್ಲ, ಬೇಗ ದಣಿಯುತ್ತಾಳೆ, ಸದಾ ನಿದ್ದೆ ಎಂದು ನಾವು ಬೈಯುವ ಎಷ್ಟು ಹುಡುಗಿಯರಿಗೆ ಬೇಕಾದದ್ದು ಬೈಗುಳವಲ್ಲವೋ ಏನೋ.

ಹುಡುಗಿಯ ಕಥೆ ಮುಂದೆ ಹೀಗಾಯಿತು. ವೈದ್ಯರು ಮೂರು ತಿಂಗಳ ಗುಳಿಗೆ ಬರೆದರು. ತಾಯಿ ಬಯ್ಯಲಿಲ್ಲ. ತಣ್ಣಗಾದ ಮೇಲೆ ಮುರಿಯುವ ರೊಟ್ಟಿಯ ಬದಲು ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಹಸಿಮೆಣಸು, ತುಪ್ಪ ಹಾಕಿ ಗುದ್ದಿ ಮುಟಗಿ ಮಾಡಿ ಡಬ್ಬಿಗೆ ತುಂಬಿದರು. ಜೊತೆಗೆ ಮೊಳಕೆ ಹೆಸರುಕಾಳು, ಅರ್ಧ ನಿಂಬೆಹಣ್ಣು. ಕಾಲೇಜಿಗೆ ಮರಳಿದ ಮೊದಲ ದಿನ, ಡಾಕ್ಟರು ಹೇಳ್ಯಾರ ಎಂಬ ನೆವ ಹೇಳಿ ಆಕೆ ಡಬ್ಬಿ ತೆಗೆದಳಂತೆ. ಮೊದಲು ಕೈ ಚಾಚಿದವಳು ಬೆಂಗಳೂರಿನಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರ ಮಗಳು. ಯಾವಳು ನಗುತ್ತಾಳೆಂದು ಇವಳು ಎಲ್ಲರಿಗಿಂತ ಹೆಚ್ಚು ಅಂಜಿದ್ದಳೋ ಅವಳೇ. ತನ್ನ ಪುಲಾವಿನ ಡಬ್ಬಿಯನ್ನು ಇತ್ತ ಸರಿಸಿ, ಇದು ಏನೇ, ನಾಳೆ ನನಗೂ ತಾರೇ ಅಂದಳಂತೆ.

ಕಳೆದ ಬಾರಿ ಬಸ್ಸಿನಲ್ಲಿ ಸಿಕ್ಕಾಗ ಹುಡುಗಿಯ ಕೈಯಲ್ಲಿ ಎರಡು ಅಂತಸ್ತಿನ ಡಬ್ಬಿ ಇತ್ತು.

"ಮ್ಯಾಲಿಂದು ನನಗ ಸರ, ಕೆಳಗಿಂದು ಗೆಳತ್ಯಾರಿಗೆ."

ರಕ್ತ ಎಷ್ಟಾಗಿದೆ ಎಂದೆ. "ಹತ್ತು ಪಾಯಿಂಟ್ ಆರು. ಇನ್ನೂ ಎರಡು ತಿಂಗಳು ಗುಳಿಗಿ ಅಂದಾರ."

"ಗೋಬಿ ಬಿಟ್ಟೆಯೇನವ್ವಾ?"

ಕಿಟಕಿಯ ಕಡೆ ತಿರುಗಿ ನಕ್ಕಳು. "ಶನಿವಾರಕ್ಕೊಮ್ಮೆ ಸರ. ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ?"